ಸುಟ್ಟಿದ್ದೊಂದು, ಕೆಟ್ಟಿದ್ದೊಂದು

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎಂಟಡಿ ಅಗಲದ ಒಂದು ರಿಪೇರಿ ಅಂಗಡಿ. ಒಳಗೆ ಕಾಲಿಟ್ಟರೆ ರಾಳದ ಹೊಗೆಯ ವಾಸನೆ. ಗೋಡೆಯುದ್ದಕ್ಕೂ ಬೆನ್ನು ಬಿಚ್ಚಿದ ಟೀವಿಗಳು, ಮೊಳೆಗೆ ನೇತುಹಾಕಿದ ವೈರಿನ ಸುರುಳಿಗಳು, ಹಳೆಯ ಮಾತ್ರೆ ಡಬ್ಬಿಗಳಲ್ಲಿ ಬಗೆಬಗೆಯ ಬಿಡಿಭಾಗ. ಒಂದು ಮಧ್ಯಾಹ್ನ ಹೆಂಗಸೊಬ್ಬರು ಬಟ್ಟೆಯ ಚೀಲದಿಂದ ಸೆಟ್‌ಟಾಪ್ ಬಾಕ್ಸ್ ತೆಗೆದು ಮೇಜಿನ ಮೇಲಿಟ್ಟರು.

"ಅಣ್ಣಾ, ಆನ್ ಆಗುತ್ತೆ, ಕಂಪನಿ ಹೆಸರು ತೋರಿಸುತ್ತೆ, ಅಷ್ಟರಲ್ಲಿ ಆಫ್. ಮತ್ತೆ ಮೊದಲಿಂದ ಶುರು. ಬಾಕ್ಸೇ ಹೋಗಿದೆ, ಹೊಸದು ತಗೊಳ್ಳಿ ಅಂತಾರೆ."

"ಎಷ್ಟು ದಿನದಿಂದಮ್ಮಾ?"

"ತಿಂಗಳಾಯ್ತು. ಮೊದಲು ಬೆಳಗ್ಗೆ ಹೊತ್ತು ಮಾತ್ರ ಹಿಂಗಾಡ್ತಿತ್ತು. ಅರ್ಧ ಗಂಟೆ ಬಿಟ್ಟರೆ ತಾನೇ ಸರಿಹೋಗ್ತಿತ್ತು. ಈಗ ಇಡೀ ದಿನ ಇದೇ ಪಾಡು."

ಅಂಗಡಿಯ ಯಜಮಾನರು ಬಾಕ್ಸನ್ನು ಬಿಚ್ಚಲೇ ಇಲ್ಲ. ಪಕ್ಕಕ್ಕೆ ಸರಿಸಿ, "ಅಡಾಪ್ಟರ್ ಕೊಡಿ" ಎಂದರು. ಕೆಲಸ ಕಲಿಯುತ್ತಿದ್ದ ಹುಡುಗ ಅದನ್ನು ಪ್ಲಗ್ಗಿಗೆ ಹಾಕಿ ಮೀಟರ್ ಹಿಡಿದ. 12.2 ವೋಲ್ಟ್. "ಸರಿಯಾಗೇ ಬರ್ತಿದೆಯಲ್ಲ ಸಾರ್" ಎಂದ. "ಖಾಲಿ ಗಾಡೀನ ಯಾವ ಎತ್ತಾದ್ರೂ ಎಳೆಯುತ್ತೆ. ಭಾರ ಹೇರಿ ನೋಡು" ಎಂದರು ಅವರು. ಹುಡುಗ ಬೈಕಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 10 ವ್ಯಾಟ್ ಬಲ್ಬೊಂದನ್ನು ಅಡಾಪ್ಟರಿನ ತುದಿಗೆ ಸಿಕ್ಕಿಸಿದ. ಬಲ್ಬು ಮಂಕಾಗಿ ಹತ್ತಿಕೊಂಡಿತು. ಮೀಟರಿನ ಅಂಕಿ 8ಕ್ಕಿಳಿದು ಅಲ್ಲೇ ಹೊಯ್ದಾಡಿತು. ಬಾಕ್ಸಿಗೆ ಏನೂ ಆಗಿರಲಿಲ್ಲ; ಅದಕ್ಕೆ ಹೊಟ್ಟೆ ತುಂಬ ಊಟ ಸಿಗುತ್ತಿರಲಿಲ್ಲ, ಅಷ್ಟೆ.

ಅಂಟು ಹಾಕಿದ ಅಡಾಪ್ಟರಿನ ಅಂಚನ್ನು ವೈಸಿನಲ್ಲಿಟ್ಟು ಮೆಲ್ಲಗೆ ಒತ್ತಿದಾಗ ಚಟ್ಟನೆ ಬಿಟ್ಟುಕೊಂಡಿತು. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು. ಅದರ ಒಂದು ಮೂಲೆಯಲ್ಲಿ ಕಪ್ಪು ಕೊಳವೆಯಂಥ ಕೆಪಾಸಿಟರು; ಈ ಅಂಗಡಿಯ ಭಾಷೆಯಲ್ಲಿ ಇಂದಿಗೂ ಅದು ಕಂಡೆನ್ಸರು. ಸಪಾಟಾಗಿರಬೇಕಾದ ಅದರ ನೆತ್ತಿ ಉಬ್ಬಿ ಪುಟ್ಟ ಗುಮ್ಮಟವಾಗಿತ್ತು. ಹುಡುಗ ಬೆರಳ ತುದಿಯಿಂದ ಸವರಿ ನೋಡಿದ. ನೋಡಿದವರಿಗೆಲ್ಲ ಅರ್ಥವಾಗುವ ಗುರುತು ಅದು. ಆದರೆ ಅದನ್ನು ನೋಡುವ ಮೊದಲೇ, ಬೆಳಗ್ಗೆ ಹೊತ್ತು ಮಾತ್ರ ತೊಂದರೆ ಎಂದು ಆ ತಾಯಿ ಹೇಳಿದಾಗಲೇ, ಯಜಮಾನರಿಗೆ ವಿಷಯ ಗೊತ್ತಾಗಿತ್ತು.

ಯಂತ್ರ ಕೆಟ್ಟಾಗ ಅದು ಮಾತಾಡುತ್ತದೆ. ಅದರ ಮಾತು ಕೇಳುವವರು ಕಡಿಮೆಯಾಗುತ್ತಿದ್ದಾರೆ ಎಂಬುದೇ ಚಿಂತೆ. "ಬೋರ್ಡ್ ಹೋಗಿದೆ, ಬೋರ್ಡೇ ಬದಲಾಯಿಸಬೇಕು" ಎಂಬ ಒಂದೇ ವಾಕ್ಯದಲ್ಲಿ ಇಂದು ಟೀವಿ, ವಾಷಿಂಗ್ ಮೆಷಿನ್, ಫ್ರಿಜ್ಜು, ಇಂಡಕ್ಷನ್ ಒಲೆ ಎಲ್ಲದರ ಕಥೆ ಮುಗಿಸುತ್ತಾರೆ. ಬೋರ್ಡ್ ಅನ್ನುವುದು ಒಂದು ವಸ್ತುವಲ್ಲ, ನೂರಾರು ವಸ್ತುಗಳ ಒಂದು ಊರು. ಊರಿನಲ್ಲಿ ಒಂದು ಮನೆಯ ಸೂರು ಸೋರಿದರೆ ಊರನ್ನೇ ಕೆಡವುವುದಿಲ್ಲ.

ಆ ಕಪ್ಪು ಕೊಳವೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮನೆಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಾಗುವ ಭಾಗಗಳಲ್ಲಿ ಅದೊಂದು. ಅದರೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವಿಟ್ಟು ಚಾಪೆಯ ಹಾಗೆ ಸುತ್ತಿರುತ್ತಾರೆ. ಹಾಳೆಯ ಮೇಲೆ ಬೆಳೆಸಿದ ಆಕ್ಸೈಡ್ ಪದರವೇ ವಿದ್ಯುತ್ತನ್ನು ತಡೆದು ಹಿಡಿಯುವ ಗೋಡೆ. ಅದು ಕಣ್ಣಿಗೆ ಕಾಣದಷ್ಟು ತೆಳು, ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ವರ್ಷಗಳು ಕಳೆದಂತೆ ಒಳಗಿನ ದ್ರವ ರಬ್ಬರಿನ ಬಿರಡೆಯ ಸಂದಿನಿಂದ ಆವಿಯಾಗುತ್ತ ಹೋಗುತ್ತದೆ. ದ್ರವ ಕಡಿಮೆಯಾದಷ್ಟೂ ಒಳಗಿನ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದಷ್ಟೂ ಬಿಸಿ; ಬಿಸಿಯಾದಷ್ಟೂ ಬೇಗ ಆರುತ್ತದೆ. ಕೊನೆಗೆ ಒಳಗೆ ಅನಿಲ ತುಂಬಿ ನೆತ್ತಿ ಉಬ್ಬುತ್ತದೆ. ನೆತ್ತಿಯ ಮೇಲೆ ಕತ್ತರಿ ಗುರುತಿನಂಥ ಗೀರು ಹಾಕಿರುವುದು ಅಂದಕ್ಕಲ್ಲ. ಒಳಗಿನ ಒತ್ತಡ ಮಿತಿ ಮೀರಿದರೆ ಡಬ್ಬಿ ಪಟಾಕಿಯಂತೆ ಸಿಡಿಯದೆ ಆ ಗೀರಿನಲ್ಲೇ ಬಾಯಿ ಬಿಡಲಿ ಎಂದು.

ದ್ರವ ತಣ್ಣಗಿದ್ದಾಗ ಆ ತಡೆ ಇನ್ನೂ ಹೆಚ್ಚು, ಬೆಚ್ಚಗಾದಾಗ ಕಡಿಮೆ. ಬೆಳಗಿನ ಚಳಿಯಲ್ಲಿ ಬಾಕ್ಸು ಹಟ ಮಾಡಿದ್ದು, ಅರ್ಧ ಗಂಟೆಯ ಬಳಿಕ ದಾರಿಗೆ ಬಂದದ್ದು ಅದರಿಂದ.

ಕೊಳವೆಯ ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಸಾಧಾರಣ ಬಗೆಯದಕ್ಕೆ ತಯಾರಕರು ಕೊಡುವ ಆಯುಸ್ಸು ಆ ಬಿಸಿಯಲ್ಲಿ 2000 ಗಂಟೆ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ನಂಬಿ ನಡೆಯುವ ಲೆಕ್ಕ. ಹಾಗೆ ಹಿಡಿದರೆ 85 ಡಿಗ್ರಿಯಲ್ಲಿ 8000 ಗಂಟೆ. ದಿನವಿಡೀ ಉರಿಯುವ ಬಾಕ್ಸಿಗೆ ಅದು ಹನ್ನೊಂದು ತಿಂಗಳು. 65 ಡಿಗ್ರಿಯಲ್ಲಾದರೆ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೂ ಹೆಚ್ಚು. ಇಪ್ಪತ್ತೇ ಡಿಗ್ರಿಯ ವ್ಯತ್ಯಾಸಕ್ಕೆ ಇಷ್ಟು ಅಂತರ. ಟೀವಿಯ ಹಿಂದೆ, ಗೋಡೆಗೆ ಒತ್ತಿಕೊಂಡು, ಮೇಲೆ ಕಸೂತಿ ಬಟ್ಟೆ ಹೊದಿಸಿಕೊಂಡು ಕೂತ ಬಾಕ್ಸು ಮತ್ತು ರೌಟರುಗಳನ್ನು ನೆನೆಯಿರಿ. ಆ ಬಟ್ಟೆ ತೆಗೆದು ಎರಡು ಬೆರಳು ಜಾಗ ಬಿಟ್ಟರೆ ಯಾವ ಖರ್ಚೂ ಇಲ್ಲದೆ ಅವುಗಳ ಆಯುಸ್ಸು ಹೆಚ್ಚುತ್ತದೆ.

ಈ ಪುಟ್ಟ ಭಾಗ ಒಮ್ಮೆ ಇಡೀ ಜಗತ್ತಿನ ಕಂಪ್ಯೂಟರ್ ಉದ್ಯಮವನ್ನು ನಡುಗಿಸಿತ್ತು. 1999ರ ಹೊತ್ತಿಗೆ ಶುರುವಾಗಿ 2007ರವರೆಗೂ ಕಾಡಿದ ಆ ಪಿಡುಗಿನಲ್ಲಿ, ತೈವಾನಿನ ಕೆಲವು ತಯಾರಕರ ಕೆಪಾಸಿಟರುಗಳು ವರ್ಷ ಎರಡು ವರ್ಷಕ್ಕೇ ಉಬ್ಬಿ ಒಡೆಯತೊಡಗಿದವು. ದ್ರವದಲ್ಲಿ ನೀರಿನ ಅಂಶವಿತ್ತು. ಆ ನೀರು ಅಲ್ಯೂಮಿನಿಯಮ್ಮನ್ನು ತಿನ್ನದಂತೆ ತಡೆಯಬೇಕಾದ ರಾಸಾಯನಿಕಗಳು ಸರಿಯಾಗಿರಲಿಲ್ಲ. ನೀರೂ ಲೋಹವೂ ಸೇರಿ ಹೈಡ್ರೋಜನ್ ಹುಟ್ಟಿ ಡಬ್ಬಿಗಳು ಉಬ್ಬಿದವು. ಜಪಾನಿನಿಂದ ಕದ್ದ ಅರೆಬರೆ ಸೂತ್ರವೇ ಇದಕ್ಕೆಲ್ಲ ಮೂಲ ಎಂಬ ಸುದ್ದಿ ಆಗ ಉದ್ಯಮದ ಪತ್ರಿಕೆಗಳಲ್ಲಿ ಹಬ್ಬಿತ್ತು. ಡೆಲ್ ಕಂಪನಿಯೊಂದೇ ತನ್ನ ಮೇಜಿನ ಕಂಪ್ಯೂಟರುಗಳನ್ನು ಸರಿಪಡಿಸಲು 2005ರಲ್ಲಿ 30 ಕೋಟಿ ಡಾಲರ್ ಎತ್ತಿಡಬೇಕಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿಯವರನ್ನು ಕೇಳಿದರೆ ಆ ವರ್ಷಗಳ ಮದರ್‌ಬೋರ್ಡುಗಳು ಅವರಿಗಿನ್ನೂ ನೆನಪಿವೆ: ಪ್ರೊಸೆಸರಿನ ಸುತ್ತ ಸಾಲಾಗಿ ನಿಂತ ಕೊಳವೆಗಳು, ನೆತ್ತಿಯ ಮೇಲೆ ಕಂದು ಬಣ್ಣದ ಹಕ್ಕಳೆ.

ಎಲ್ಲ ದೋಷವೂ ಇಷ್ಟು ಎದ್ದು ಕಾಣುವುದಿಲ್ಲ. ಎಷ್ಟೋ ಸಲ ಕಣ್ಣಿಗೆ ಕಾಣುವುದು ಕೇಡಿನ ಕೊನೆ, ಕೇಡಿನ ಮೊದಲಲ್ಲ. ಸುಟ್ಟು ಕರಕಲಾದ ಭಾಗವೇ ತಪ್ಪಿತಸ್ಥ ಎಂದು ತೀರ್ಮಾನಿಸಿ ಅದನ್ನಷ್ಟೇ ಬದಲಾಯಿಸಿದರೆ, ಹೊಸದೂ ಅರೆಗಳಿಗೆಯಲ್ಲಿ ಹೊಗೆಯಾಗುತ್ತದೆ.

ಫ್ಯೂಸನ್ನೇ ನೋಡಿ. ಗಾಜಿನ ಫ್ಯೂಸಿನೊಳಗಿನ ತಂತಿ ನಡುವೆ ತುಂಡಾಗಿ ಗಾಜು ಸ್ವಚ್ಛವಾಗಿದ್ದರೆ, ಹೊರೆ ಸ್ವಲ್ಪ ಹೆಚ್ಚಾಗಿಯೋ ವಯಸ್ಸಾಗಿಯೋ ಕರಗಿದೆ ಎಂದು ಊಹಿಸಬಹುದು. ಗಾಜಿನ ಒಳಮೈ ಕಪ್ಪಾಗಿದ್ದರೆ, ಇಲ್ಲವೆ ಕನ್ನಡಿಯ ಹಾಗೆ ಬೆಳ್ಳಗಾಗಿದ್ದರೆ, ತಂತಿ ಕರಗಿದ್ದಲ್ಲ, ಒಮ್ಮೆಗೇ ಆವಿಯಾಗಿದೆ. ಮುಂದೆ ಎಲ್ಲೋ ನೇರ ಶಾರ್ಟ್ ಇದೆ. ಅಂಥ ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ಎಳೆ ಸುತ್ತಿ ಮುಂದುವರಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ಆ ಎಳೆ ಮನೆಗೆ ಬೆಂಕಿ ಹಚ್ಚಬಲ್ಲದು.

ಫ್ಯೂಸಿನ ಪಕ್ಕದಲ್ಲೇ ನೀಲಿ ಬಿಲ್ಲೆಯಂಥ ಒಂದು ಭಾಗ ನಿಂತಿರುತ್ತದೆ. ವೆರಿಸ್ಟರ್ ಎಂದು ಹೆಸರು, ಅಂಗಡಿಯಲ್ಲಿ ಎಂಓವಿ ಅನ್ನುತ್ತಾರೆ. ಮೈಮೇಲೆ 471 ಎಂಬ ಅಂಕಿಯಿರುವುದು ಹೆಚ್ಚು. 47ರ ಮುಂದೆ ಒಂದು ಸೊನ್ನೆ, ಅಂದರೆ 470 ವೋಲ್ಟ್. ಮಾಮೂಲು ದಿನಗಳಲ್ಲಿ ಅದು ಇದ್ದೂ ಇಲ್ಲದಂತೆ ಇರುತ್ತದೆ. ವೋಲ್ಟೇಜು ಮಿತಿ ಮೀರಿ ಏರಿದ ಕ್ಷಣ ತಾನೇ ಅಡ್ಡ ನಿಂತು ಶಾರ್ಟ್ ಆಗಿ ಫ್ಯೂಸನ್ನು ಹಾರಿಸುತ್ತದೆ. ಹಿಂದಿನ ಬೋರ್ಡು ಎಷ್ಟೋ ಸಲ ಉಳಿದುಕೊಳ್ಳುತ್ತದೆ.

ಹಳ್ಳಿಗಳಲ್ಲಿ ಈ ಬಿಲ್ಲೆ ಸಿಡಿಯುವುದಕ್ಕೆ ಸಿಡಿಲಿನಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ಟ್ರಾನ್ಸ್‌ಫಾರ್ಮರಿನಿಂದ ಬರುವ ನಾಲ್ಕು ತಂತಿಗಳಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್. ಗಾಳಿಮಳೆಗೆ ತೆಂಗಿನ ಗರಿ ಬಿದ್ದು ನ್ಯೂಟ್ರಲ್ ಹರಿಯಿತೆನ್ನಿ. ಆಗ ಬೇರೆ ಬೇರೆ ಫೇಸಿನ ಎರಡು ಮನೆಗಳು ಒಂದಕ್ಕೊಂದು ಸರಣಿಯಾಗಿ ಜೋಡಿಸಿಕೊಂಡು, ಎರಡು ಫೇಸಿನ ನಡುವಿನ 400 ವೋಲ್ಟಿಗೂ ಮೀರಿದ ವೋಲ್ಟೇಜನ್ನು ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ಸಮನಾಗಿರುವುದಿಲ್ಲ. ಒಂದು ಮನೆಯಲ್ಲಿ ಗೀಸರ್ ಓಡುತ್ತಿದ್ದು ಇನ್ನೊಂದರಲ್ಲಿ ಬರೀ ಟೀವಿ ಹತ್ತಿದ್ದರೆ, ಗೀಸರಿನ ಮನೆಯ ದೀಪ ಮಂಕಾಗುತ್ತದೆ, ಟೀವಿಯ ಮನೆಗೆ ಮುನ್ನೂರೈವತ್ತಕ್ಕೂ ಹೆಚ್ಚು ವೋಲ್ಟ್ ನುಗ್ಗುತ್ತದೆ. ಮಾರನೆಯ ದಿನ ಒಂದೇ ಬೀದಿಯಿಂದ ಐದಾರು ಟೀವಿಗಳು ಅಂಗಡಿಗೆ ಬರುತ್ತವೆ. ಅನುಭವಸ್ಥ ಮೆಕ್ಯಾನಿಕ್ ಮೊದಲು ಮುರಿಯುವುದು ಆ ಒಡೆದ ನೀಲಿ ಬಿಲ್ಲೆಯನ್ನು; ಆಮೇಲೆ ಹೊಸ ಫ್ಯೂಸ್. ಹಲವು ಸೆಟ್ಟುಗಳು ಅಷ್ಟಕ್ಕೇ ಎದ್ದು ಕೂರುತ್ತವೆ. ಆದರೆ ಬಿಲ್ಲೆ ತೆಗೆದು ಖಾಲಿ ಬಿಟ್ಟು ಕೊಟ್ಟರೆ ಮುಂದಿನ ಗಾಳಿಮಳೆಗೆ ಕಾವಲೇ ಇಲ್ಲ. ಹೊಸ ಬಿಲ್ಲೆ ಹಾಕಿಸಿಕೊಂಡೇ ಮನೆಗೆ ಒಯ್ಯಬೇಕು.

ಹೊಸ ಫ್ಯೂಸೂ ಹಾರಿದರೆ? ಅದಕ್ಕೆ ಹಳೆಯ ತಲೆಮಾರಿನ ಉಪಾಯವೊಂದಿದೆ, ಅದಕ್ಕೆ ಸರಿಸಾಟಿಯಾದ ಸುಲಭದ ಉಪಕರಣ ಇನ್ನೂ ಬಂದಿಲ್ಲ. ಸೆಟ್ಟಿನ ಜೊತೆ ಸರಣಿಯಲ್ಲಿ ಒಂದು 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬು ಜೋಡಿಸುವುದು. ಸ್ವಿಚ್ ಹಾಕಿದೊಡನೆ ಬಲ್ಬು ಒಮ್ಮೆ ಫಳಕ್ಕನೆ ಬೆಳಗಿ ಮಂಕಾದರೆ ಒಳ್ಳೆಯ ಲಕ್ಷಣ. ಒಳಗಿನ ದೊಡ್ಡ ಕೆಪಾಸಿಟರು ತುಂಬಿಕೊಂಡು ಶಾಂತವಾಯಿತು. ಬಲ್ಬು ಪೂರ್ತಿ ಬೆಳಕಿನಲ್ಲೇ ನಿಂತುಬಿಟ್ಟರೆ ಶಾರ್ಟ್ ಇನ್ನೂ ಇದೆ. ಆದರೆ ಕರೆಂಟು ಬಲ್ಬಿನಲ್ಲಿ ಉರಿದುಹೋಗುವುದರಿಂದ ಬೋರ್ಡು ಸುಡುವುದಿಲ್ಲ. ಎಲ್‌ಇಡಿ ಬಂದ ಮೇಲೆ ಆ ಹಳೆಯ ಬಲ್ಬುಗಳು ಸಿಗುವುದೇ ಅಪರೂಪವಾಗಿ, ರಿಪೇರಿಯವರು ನಾಲ್ಕಾರನ್ನು ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ.

ಶಾರ್ಟ್ ಎಲ್ಲಿದೆ ಎಂದು ಹುಡುಕುವುದಕ್ಕೆ ಮೀಟರ್ ಸಾಕು. ಡಯೋಡ್ ಗುರುತಿಗೆ ತಿರುಗಿಸಿ ಎರಡು ಕಡ್ಡಿ ಇಟ್ಟರೆ, ಒಳ್ಳೆಯ ಸಿಲಿಕಾನ್ ಡಯೋಡ್ ಒಂದು ದಿಕ್ಕಿನಲ್ಲಿ 0.5ರಿಂದ 0.7ರವರೆಗಿನ ಅಂಕಿ ತೋರಿಸುತ್ತದೆ, ಕಡ್ಡಿ ಅದಲುಬದಲು ಮಾಡಿದರೆ ಏನೂ ತೋರಿಸುವುದಿಲ್ಲ. ಎರಡೂ ಕಡೆ ಬೀಪ್ ಎಂದು ಕೂಗಿದರೆ ಅದು ಸತ್ತಿದೆ. ಸ್ವಿಚ್ಚಿನಂತೆ ಕೆಲಸ ಮಾಡುವ ಮುಖ್ಯ ಮಾಸ್‌ಫೆಟ್ಟಿನ ಕಾಲುಗಳು ಹಾಗೆ ಕೂಗಿದರೆ ಮೆಕ್ಯಾನಿಕ್ ಅಲ್ಲಿಗೇ ನಿಲ್ಲುವುದಿಲ್ಲ. ಅದರ ಕಾಲಿಗೆ ಸರಣಿಯಾಗಿ ಕೂತ, ಒಂದು ಓಮಿಗಿಂತ ಕಡಿಮೆಯ ಪುಟ್ಟ ರೆಸಿಸ್ಟರ್, ಮಾಸ್‌ಫೆಟ್ಟನ್ನು ಓಡಿಸುವ ಐಸಿ, ಮುಂದಿರುವ ನಾಲ್ಕು ಡಯೋಡುಗಳು, ಇವನ್ನೆಲ್ಲ ಒಂದೊಂದಾಗಿ ವಿಚಾರಿಸುತ್ತಾನೆ. ಮಾಸ್‌ಫೆಟ್ ಸಾಯುವಾಗ ಒಂಟಿಯಾಗಿ ಸಾಯುವುದು ಕಡಿಮೆ. ಕೆಲವೊಮ್ಮೆ ಅದನ್ನು ಕೊಂದದ್ದು ಪಕ್ಕದಲ್ಲಿ ಏನೂ ತಿಳಿಯದಂತೆ ನಿಂತ, ಕಿರುಬೆರಳ ತುದಿಯಷ್ಟೇ ಇರುವ 47 ಮೈಕ್ರೊಫ್ಯಾರಡ್ ಕೆಪಾಸಿಟರು. ಅದರ ನೆತ್ತಿ ಉಬ್ಬುವುದೇ ಇಲ್ಲ, ಒಳಗೇ ಆರಿಹೋಗಿರುತ್ತದೆ. ಐಸಿಗೆ ನೆಟ್ಟಗೆ ಊಟ ಸಿಗದೆ ಅದು ತಪ್ಪು ಹೊತ್ತಿಗೆ ಮಾಸ್‌ಫೆಟ್ಟನ್ನು ತೆರೆದು ಮುಚ್ಚುತ್ತದೆ. ಈ ಪುಟ್ಟದನ್ನು ಬದಲಾಯಿಸದೆ ದೊಡ್ಡದನ್ನು ಹತ್ತು ಸಲ ಹಾಕಿದರೂ ಪ್ರಯೋಜನವಿಲ್ಲ.

ಇಲ್ಲೊಂದು ಎಚ್ಚರಿಕೆ. ಮನೆಯ 230 ವೋಲ್ಟ್ ಬೋರ್ಡಿನೊಳಗೆ ಡಯೋಡು ದಾಟಿದ ಮೇಲೆ 325 ವೋಲ್ಟಿನ ನೇರ ವಿದ್ಯುತ್ತಾಗಿ ದೊಡ್ಡ ಕೆಪಾಸಿಟರಿನಲ್ಲಿ ಕೂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಉಳಿಯಬಹುದು. ಸೆಟ್ ಡೆಡ್ ಆಗಿದ್ದಾಗಲಂತೂ ಉಳಿಯುವ ಸಂಭವ ಹೆಚ್ಚು, ಏಕೆಂದರೆ ಅದನ್ನು ಖಾಲಿ ಮಾಡುವವರೇ ಒಳಗಿಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಎನಿಸುವುದು ಗಂಡಸುತನವಲ್ಲ, ಅದು ಬೋರ್ಡಿನ ತಾಮ್ರದ ಗೆರೆಯನ್ನೂ ಕಣ್ಣನ್ನೂ ಸುಡುವ ಕೆಲಸ. ಬಲ್ಬಿನ ಹೋಲ್ಡರಿಗೆ ಎರಡು ವೈರು ಕಟ್ಟಿ ತಾಗಿಸಿದರೆ ಸದ್ದಿಲ್ಲದೆ ಇಳಿಯುತ್ತದೆ; ಆಮೇಲೆ ಮೀಟರ್ ಹಿಡಿದು ಸೊನ್ನೆಯಾಗಿದೆಯೇ ಎಂದು ನೋಡಬೇಕು. ಮೈಕ್ರೊವೇವ್ ಒಲೆಯೊಳಗೆ ಸಾವಿರಾರು ವೋಲ್ಟ್ ಇರುತ್ತದೆ. ಕಲಿಯುವವರು ಅದರ ತಂಟೆಗೆ ಹೋಗಲೇಬಾರದು.

ಹಳೆಯ ಟೀವಿಯ ನೆತ್ತಿಗೆ ಒಂದೇಟು ಕೊಟ್ಟು ಚಿತ್ರ ಬರಿಸಿದ ನೆನಪು ನಲವತ್ತು ದಾಟಿದವರಿಗೆಲ್ಲ ಇರಬಹುದು. ಆ ಏಟಿನಲ್ಲೊಂದು ವಿಜ್ಞಾನವಿತ್ತು. ದಿನಾ ಬಿಸಿಯಾಗಿ ಹಿಗ್ಗಿ, ರಾತ್ರಿ ತಣ್ಣಗಾಗಿ ಕುಗ್ಗಿ, ಭಾರದ ಭಾಗಗಳ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಏಟು ಬಿದ್ದಾಗ ಬಿರುಕು ಕೂಡಿಕೊಳ್ಳುತ್ತಿತ್ತು. ಇಂಥ ಬಿರುಕನ್ನು ಡ್ರೈ ಸೋಲ್ಡರ್ ಅನ್ನುತ್ತಾರೆ. ಭೂತಗನ್ನಡಿ ಹಿಡಿದು ಬೋರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದರೆ, ಹೊಳೆಯುವ ಬೆಸುಗೆಯ ನಡುವೆ ಕಾಲಿನ ಸುತ್ತ ಮಂಕಾದ ಒಂದು ಉಂಗುರ ಕಾಣುತ್ತದೆ. ಟ್ರಾನ್ಸ್‌ಫಾರ್ಮರು, ಪ್ಲಗ್ ಕೂರುವ ಸಾಕೆಟ್ಟು, ಹೀಟ್ ಸಿಂಕಿಗೆ ಬಿಗಿದ ಟ್ರಾನ್ಸಿಸ್ಟರು, ಈ ಮೂರು ಕಡೆ ಮೊದಲು ನೋಡಬೇಕು. ಇದಕ್ಕೆ ಔಷಧ, ಕಾದ ಬೆಸುಗೆ ಐರನ್ನಿನ ಒಂದು ಸ್ಪರ್ಶ, ಎರಡು ಮಿಲಿಮೀಟರ್ ಹೊಸ ಬೆಸುಗೆ.

ಬೆಸುಗೆ ಕೂಡ ಮೊದಲಿನದಲ್ಲ. 2006ರ ಜುಲೈ 1ರಿಂದ ಯುರೋಪು ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಮನುಷ್ಯರಿಗೂ ನೆಲಕ್ಕೂ ಒಳ್ಳೆಯದಾದ ನಿರ್ಧಾರ. ತವರ ಸೀಸದ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ತವರ, ಬೆಳ್ಳಿ, ತಾಮ್ರ ಬೆರೆತ ಹೊಸದಕ್ಕೆ 217 ಡಿಗ್ರಿಯಾದರೂ ಬೇಕು. ತಾತನ ಕಾಲದ 25 ವ್ಯಾಟಿನ ಐರನ್ ಹಿಡಿದು ಹೊಸ ಬೋರ್ಡಿನೊಂದಿಗೆ ಗುದ್ದಾಡುವವರು ತಾಮ್ರದ ಗೆರೆಯನ್ನೇ ಕಿತ್ತುಬಿಡುತ್ತಾರೆ. ಸ್ವಲ್ಪ ಹಳೆಯ ಬೆಸುಗೆಯನ್ನು ಮೇಲೆ ಸುರಿದು ಬೆರೆಸಿದರೆ ಬೇಗ ಕರಗಿ ಬರುತ್ತದೆ ಎಂಬುದು ಎಸ್.ಪಿ. ರಸ್ತೆಯ ಹುಡುಗರು ಮೊದಲ ವಾರದಲ್ಲೇ ಕಲಿಯುವ ಪಾಠ.

ಮೊಬೈಲ್ ಬೋರ್ಡುಗಳ ಲೋಕವೇ ಬೇರೆ. ಅಲ್ಲಿ ಕೊಳವೆಯಿಲ್ಲ, ಸಾಸಿವೆಗಿಂತ ಚಿಕ್ಕ ಸೆರಾಮಿಕ್ ಕೆಪಾಸಿಟರುಗಳು ನೂರಾರು. ಫೋನು ಕೆಳಗೆ ಬಿದ್ದು ಬೋರ್ಡು ಒಂದಿಷ್ಟು ಬಾಗಿದರೆ ಅವುಗಳಲ್ಲೊಂದು ಒಳಗೇ ಬಿರಿದು ಶಾರ್ಟ್ ಆಗುತ್ತದೆ. ಹೊರಗೆ ಗೀರೂ ಇರುವುದಿಲ್ಲ. ಅವುಗಳಲ್ಲಿ ಹಲವನ್ನು ಒಂದೇ ಗೆರೆಗೆ ಜೋಡಿಸಿರುವುದರಿಂದ ಆ ಗೆರೆಯಲ್ಲಿ ಮೀಟರ್ ಎಲ್ಲಿಟ್ಟರೂ ಶಾರ್ಟೇ. ಹಾಗಾದರೆ ನೂರರಲ್ಲಿ ಒಂದನ್ನು ಹಿಡಿಯುವುದು ಹೇಗೆ? ರಿಪೇರಿಯವರು ಕಾದ ಐರನ್ನಿನ ತುದಿಯನ್ನು ರಾಳದ ಉಂಡೆಗೆ ಒತ್ತಿ, ಏಳುವ ಬಿಳಿ ಹೊಗೆಯ ಮೇಲೆ ಬೋರ್ಡನ್ನು ಕವುಚಿ ಹಿಡಿಯುತ್ತಾರೆ. ಬೋರ್ಡಿನ ಮೇಲೆ ಮಾಗಿಯ ಬೆಳಗಿನ ಹೊಲದಂತೆ ಬಿಳಿಯ ಪೊರೆ ಕೂರುತ್ತದೆ. ಆಮೇಲೆ ಒಂದು ವೋಲ್ಟಿನಷ್ಟು ಕರೆಂಟು ಕೊಡುತ್ತಾರೆ. ಶಾರ್ಟ್ ಆದ ಭಾಗ ಮಾತ್ರ ಬಿಸಿಯಾಗುತ್ತದೆ. ನೋಡನೋಡುತ್ತಿದ್ದಂತೆ ಆ ಬಿಳುಪಿನಲ್ಲಿ ಒಂದೇ ಒಂದು ಚುಕ್ಕೆ ಕರಗಿ ಪಾರದರ್ಶಕವಾಗುತ್ತದೆ. ಅದೇ ಅದು. ಚಿಮಟದಿಂದ ಅದನ್ನು ತೆಗೆದು ಮತ್ತೆ ಮೀಟರ್ ಇಟ್ಟರೆ ಬೀಪ್ ನಿಂತಿರುತ್ತದೆ. ದುಬಾರಿ ಉಷ್ಣದ ಕ್ಯಾಮೆರಾ ಮಾಡುವ ಕೆಲಸವನ್ನು ಚಿಟಿಕೆ ರಾಳದಿಂದ ಮಾಡುವ ಈ ಬುದ್ಧಿಗೆ ಎಷ್ಟು ಗೌರವ ಕೊಟ್ಟರೂ ಸಾಲದು.

ಟೀವಿ, ಅಡಾಪ್ಟರುಗಳ ಬೋರ್ಡಿನಲ್ಲಿ ಹುಡುಕಿದ ಭಾಗಕ್ಕೆ ಜೋಡಿ ತರಬೇಕಾದರೆ ಅದರ ಮೇಲಿನ ಬರಹ ಓದಲು ಬರಬೇಕು. ಕೆಪಾಸಿಟರಿನ ಮೇಲೆ 104 ಎಂದಿದ್ದರೆ 10ರ ಮುಂದೆ ನಾಲ್ಕು ಸೊನ್ನೆ, ಒಂದು ಲಕ್ಷ ಪೈಕೊಫ್ಯಾರಡ್, ಅದನ್ನೇ 0.1 ಮೈಕ್ರೊಫ್ಯಾರಡ್ ಅನ್ನುತ್ತೇವೆ. ರೆಸಿಸ್ಟರಿನ ಮೇಲೆ 472 ಎಂದಿದ್ದರೆ 4700 ಓಮ್. ಬಣ್ಣದ ಪಟ್ಟಿಯಲ್ಲಿ ಅದೇ ಮಾತು ಹಳದಿ, ನೇರಳೆ, ಕೆಂಪು: ನಾಲ್ಕು, ಏಳು, ಎರಡು ಸೊನ್ನೆ. ಮಗ್ಗಿ ಬರುವ ಮಗು ಒಂದು ಸಂಜೆಯಲ್ಲಿ ಕಲಿಯಬಲ್ಲ ಲಿಪಿ ಇದು. ಹೈಸ್ಕೂಲುಗಳಲ್ಲಿ ವಾರಕ್ಕೊಂದು ಗಂಟೆ ಇದಕ್ಕೆ ಸಿಕ್ಕರೆ ಎಷ್ಟು ಚೆನ್ನ.

ಎಲ್‌ಇಡಿ ಬಲ್ಬಿನಿಂದ ಕಲಿಕೆ ಶುರು ಮಾಡಬಹುದು, ಪ್ಲಗ್ಗಿನಿಂದ ದೂರವಿಟ್ಟು. 2015ರ ಜನವರಿ 5ರಂದು ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾದ ಮೇಲೆ ಹಳ್ಳಿಹಳ್ಳಿಗೂ ಆ ಬಲ್ಬುಗಳು ಬಂದವು. ಅವು ಕೆಟ್ಟಾಗ ಮೇಲಿನ ಬಿಳಿ ಟೋಪಿ ತೆಗೆದು ನೋಡಿದರೆ ಅಕ್ಕಿಕಾಳಿನಂಥ ಹಳದಿ ಎಲ್‌ಇಡಿಗಳ ಸಾಲು; ಅವುಗಳಲ್ಲಿ ಒಂದರ ನಡುವೆ ಕಪ್ಪು ಚುಕ್ಕೆ. ಎಲ್ಲವೂ ಸರಣಿಯಲ್ಲಿರುವುದರಿಂದ ಒಂದು ಸತ್ತರೆ ಎಲ್ಲ ಕತ್ತಲು. ಇನ್ನೊಂದು ಕೆಟ್ಟ ಬಲ್ಬಿನಿಂದ ಒಂದು ಒಳ್ಳೆಯ ಕಾಳು ಕಿತ್ತು ಇಲ್ಲಿ ಕೂರಿಸಿದರೆ ದೀಪ ಹತ್ತುತ್ತದೆ. ಸಂತೆಗಳಲ್ಲಿ ತಳ್ಳುಗಾಡಿಯ ಮೇಲೆ ಇದನ್ನೇ ಮಾಡಿ ಸಂಸಾರ ಸಾಗಿಸುವವರಿದ್ದಾರೆ.

ಈ ನಾಡಿಗೆ ಎಲೆಕ್ಟ್ರಾನಿಕ್ಸ್ ಹೊಸದಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1954ರಲ್ಲಿ ಹುಟ್ಟಿ, 1961ರಲ್ಲಿ ರೇಡಿಯೊ ವಾಲ್ವುಗಳನ್ನೂ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಆ ಕಾಲದ ಎಷ್ಟೋ ರೇಡಿಯೊಗಳ ಹಿಂಬದಿಯ ಹಲಗೆಯ ಒಳಗೆ ಇಡೀ ಸರ್ಕ್ಯೂಟಿನ ನಕ್ಷೆಯನ್ನು ಅಂಟಿಸಿಯೇ ಕೊಡುತ್ತಿದ್ದರು. ಕೊಂಡವನು ಇದನ್ನು ಬಿಚ್ಚುತ್ತಾನೆ, ಬಿಚ್ಚುವ ಹಕ್ಕು ಅವನಿಗಿದೆ ಎಂದು ತಯಾರಕರು ಒಪ್ಪಿಕೊಂಡಿದ್ದ ಕಾಲ ಅದು. ಈಗ ನಕ್ಷೆ ಗುಟ್ಟಾಗಿದೆ, ಸ್ಕ್ರೂ ಇದ್ದಲ್ಲಿ ಅಂಟು ಬಂದಿದೆ, ಕೆಲವು ತಯಾರಕರು ಐಸಿಯ ಹೆಸರನ್ನೇ ಉಜ್ಜಿ ಅಳಿಸುತ್ತಾರೆ.

ಇದರ ವಿರುದ್ಧ ಜಗತ್ತು ನಿಧಾನವಾಗಿ ಎಚ್ಚರಗೊಳ್ಳುತ್ತಿದೆ. ಫ್ರಾನ್ಸಿನಲ್ಲಿ 2021ರಲ್ಲಿ ಫೋನು, ಟೀವಿ, ಲ್ಯಾಪ್‌ಟಾಪುಗಳ ಮೇಲೆ ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ಹಾಕಿಯೇ ಮಾರಬೇಕೆಂಬ ನಿಯಮ ಬಂತು. 2025ರ ಜೂನ್ 20ರಿಂದ ಯುರೋಪಿನಲ್ಲಿ ಬಿಡುಗಡೆಯಾಗುವ ಹೊಸ ಫೋನುಗಳಿಗೆ, ಅವುಗಳ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗುವಂತೆ ಮಾಡಬೇಕು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿಗಳ ರಿಪೇರಿ ಮಾಹಿತಿಯನ್ನು ಒಂದೆಡೆ ತರುವ ಪೋರ್ಟಲ್ ಕೂಡ ಬಂತು. ಅದು ಒಳ್ಳೆಯ ಆರಂಭ. ಆದರೆ ತಾಲ್ಲೂಕು ಊರಿನ ಮೆಕ್ಯಾನಿಕ್ಕಿಗೆ ಬೇಕಾದ್ದು ನಕ್ಷೆ ಮತ್ತು ಬಿಡಿಭಾಗ. ಸರ್ವಿಸ್ ಸೆಂಟರಿನ ವಿಳಾಸ ಸಿಕ್ಕ ಮಾತ್ರಕ್ಕೆ ಅವನ ಕೆಲಸ ಮುಂದೆ ಸಾಗುವುದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು ಬಿಸಾಡಿದ ಎಲೆಕ್ಟ್ರಾನಿಕ್ ವಸ್ತುಗಳ ತೂಕ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ದಾಖಲೆಯಿರುವುದು ನೂರಕ್ಕೆ 22.3 ಪಾಲು ಮಾತ್ರ. ಆ ರಾಶಿಯಲ್ಲಿ ಒಂದು ಕೆಪಾಸಿಟರ್ ಉಬ್ಬಿದ್ದಕ್ಕೆ ಎಸೆಯಲ್ಪಟ್ಟವು ಎಷ್ಟಿರಬಹುದು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ತಿಪಟೂರಿನ ಅಂಗಡಿಯಲ್ಲಿ ಹುಡುಗ ಮಾತ್ರೆ ಡಬ್ಬಿಯಿಂದ 1000 ಮೈಕ್ರೊಫ್ಯಾರಡ್ಡಿನ ಒಂದು ಕೆಪಾಸಿಟರ್ ಆರಿಸಿ ತಂದ. ಹಳೆಯದು 16 ವೋಲ್ಟಿನದು, ಇದು 25ರದು.

"ವೋಲ್ಟ್ ಜಾಸ್ತಿ ಇದ್ರೆ ಪರವಾಗಿಲ್ವಾ ಸಾರ್?"

"ಜಾಸ್ತಿ ಇರಬಹುದು, ಕಮ್ಮಿ ಇರಬಾರದು. ಡಿಗ್ರಿ ನೋಡ್ದಾ? 85ರದು ತರಬೇಡ. ಬಿಳಿ ಪಟ್ಟಿ ಯಾವ ಕಡೆ?"

"ಮೈನಸ್ ಕಡೆ."

"ಉಲ್ಟಾ ಹಾಕಿದರೆ ನಿನ್ನ ಮುಖಕ್ಕೇ ಹೊಡೆಯುತ್ತೆ. ಇನ್ನೊಂದು ಸಲ ನೋಡಿ ಹಾಕು."

ಹುಡುಗ ಇನ್ನೊಂದು ಸಲ ನೋಡಿ ಹಾಕಿದ. ಹೆಚ್ಚಾದ ಕಾಲುಗಳನ್ನು ಕತ್ತರಿಸಿದ. ಹಳೆಯ ಟೂತ್‌ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೆಸುಗೆಯ ಜಾಗ ಉಜ್ಜಿದ. ಬೈಕಿನ ಬಲ್ಬು ಈ ಸಲ ಕಣ್ಣು ಕುಕ್ಕುವಂತೆ ಬೆಳಗಿತು, ಮೀಟರ್ 12.1ರಲ್ಲಿ ಅಲುಗಾಡದೆ ನಿಂತಿತು. ಬಾಕ್ಸಿಗೆ ಜೋಡಿಸಿದಾಗ ಅಂಗಡಿಯ ಹಳೆಯ ಟೀವಿಯಲ್ಲಿ ಕಂಪನಿಯ ಹೆಸರು ಬಂತು, ಹೋಯಿತು, ವಾರ್ತೆ ಶುರುವಾಯಿತು.

"ಆಯ್ತಾ ಅಣ್ಣಾ?" ಎಂದು ಆಕೆ ಎದ್ದರು.

"ಒಂದು ಗಂಟೆ ಓಡಲಿ ಅಮ್ಮಾ. ಮಾರ್ಕೆಟ್ ಕೆಲಸ ಮುಗಿಸ್ಕೊಂಡು ಬನ್ನಿ."

ಆಕೆ ಚೀಲ ಮಡಚಿಕೊಂಡು ಹೊರಟರು. ಯಜಮಾನರು ಅಡಾಪ್ಟರಿನ ಮುಚ್ಚಳದ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಆ ದಿನದ ತಾರೀಕು ಬರೆದರು, ಮುಂದೆ ಯಾರು ಬಿಚ್ಚಿದರೂ ತಿಳಿಯಲೆಂದು. ಹುಡುಗ ಉಬ್ಬಿದ ಹಳೆಯ ಕೆಪಾಸಿಟರನ್ನು ಕಸಕ್ಕೆ ಹಾಕದೆ ಜೇಬಿಗಿಳಿಸಿಕೊಂಡ.